‘ಕ್ಯಾಲಿಫೋರ್ನಿಕೇಶನ್’ ಕೇಳಿದ್ರೆ ತಲೆನೋವು: ಕಿವಿ ನನ್ನದು ಸರಿಯೋ, ಭಾವಂದೋ?

ಪ್ರಶ್ನೆ (ಬಸವನಗುಡಿಯಿಂದ):
ಸರ್, ನಮಸ್ಕಾರ. ನಮ್ಮನೇಲಿ ಹದಿನೈದು ದಿನದಿಂದ ಒಂದು ಜಗಳ ನಡೀತಿದೆ, ನೀವೇ ಬಿಡಿಸಬೇಕು. ಅಮೆರಿಕದ ರಾಕ್ ಬ್ಯಾಂಡ್ ರೆಡ್ ಹಾಟ್ ಚಿಲಿ ಪೆಪರ್ಸ್‌ನ 1999ರ ‘ಕ್ಯಾಲಿಫೋರ್ನಿಕೇಶನ್’ ಆಲ್ಬಂ ಅಂದ್ರೆ ನಮ್ಮ ಭಾವನಿಗೆ ಪ್ರಾಣ. ಕಾಲೇಜಲ್ಲಿದ್ದಾಗ ಬ್ರಿಗೇಡ್ ರೋಡಲ್ಲಿ ಕ್ಯಾಸೆಟ್ ತಗೊಂಡಿದ್ರಂತೆ. ಈಗ ಸಿಡಿಯಿಂದ ಪೆನ್‌ಡ್ರೈವ್‌ಗೆ ಹಾಕ್ಕೊಂಡು, ಮಾರತ್‌ಹಳ್ಳಿ ಆಫೀಸಿಗೆ ಹೋಗ್ತಾ ಬರ್ತಾ ಕಾರಲ್ಲಿ ಅದೇ. ಆ ಸಿಡೀನೇ ಇಸ್ಕೊಂಡು ನಾನು ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದೆ. ಹಾಡೇನೋ ಚೆನ್ನಾಗಿವೆ. ಆದ್ರೆ ನಾಲ್ಕು ಹಾಡು ಮುಗಿಯೋದ್ರೊಳಗೆ ತಲೆನೋವು. ಎರಡನೇ ಹಾಡು ‘ಪ್ಯಾರಲಲ್ ಯೂನಿವರ್ಸ್’ ಜೋರಾಗೋ ಕಡೆ ಹಳೇ ರೇಡಿಯೊ ಥರ ಕರಕರ. ಭಾವನ್ನ ಕೇಳಿದ್ರೆ ‘ರಾಕ್ ಅಂದ್ರೆ ಹಂಗೇ ಕಣೋ, ನಿಂಗೆ ಅಭ್ಯಾಸ ಇಲ್ಲ’ ಅಂತಾರೆ. ನೆಟ್ಟಲ್ಲಿ ನೋಡಿದ್ರೆ ಅಲ್ಲೂ ಹಿಂಗೇ: ಕೆಲವರು ತಲೆ ಮೇಲಿಟ್ಕೊಂಡಿದ್ದಾರೆ, ಕೆಲವರು ಕೇಳೋಕಾಗಲ್ಲ ಅಂತಾರೆ. ನನ್ನ ಹೆಡ್‌ಫೋನ್ ಕೆಟ್ಟಿದೆಯಾ, ಕಿವಿ ಕೆಟ್ಟಿದೆಯಾ?

ಉತ್ತರ (ಸೌಂಡ್ ಇಂಜಿನಿಯರ್):
ಎರಡೂ ಕೆಟ್ಟಿಲ್ಲ. ಆ ಕರಕರ ಸಿಡಿಯಲ್ಲೇ ಇದೆ.

ಕಣ್ಣಾರೆ ನೋಡಬೇಕಾ? ಆಡಾಸಿಟಿ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡಿಲ್ಲ. ಅದರಲ್ಲಿ ಆ ಹಾಡು ತೆರೀರಿ. ಬೇರೆ ಹಾಡುಗಳು ಬೆಟ್ಟ ಗುಡ್ಡದ ಸಾಲಿನ ಹಾಗೆ ಕಾಣ್ತವೆ. ಇದು ಅಡ್ಡ ಮಲಗಿಸಿದ ಇಟ್ಟಿಗೆ. ಇನ್ನೂ ಜೂಮ್ ಮಾಡಿದ್ರೆ, ದುಂಡಗಿರಬೇಕಾದ ಅಲೆಯ ತುದಿಗಳು ಕತ್ತರಿ ಹಾಕಿದಂಗೆ ಚಪ್ಪಟೆ. ಇದಕ್ಕೇ ಕ್ಲಿಪ್ಪಿಂಗ್ ಅನ್ನೋದು. ಡಿಜಿಟಲ್‌ನಲ್ಲಿ ಸೊನ್ನೆ ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅನ್ನೋದು ಮನೆಯ ಚಾವಣಿ ಇದ್ದ ಹಾಗೆ. ಅದಕ್ಕಿಂತ ಎತ್ತರದ ಆಳನ್ನ ಒಳಗೆ ನುಗ್ಗಿಸಿದ್ರೆ ತಲೆ ಹೋಗುತ್ತೆ. ಗಣೇಶನ ಪೆಂಡಾಲಲ್ಲಿ ವಾಲ್ಯೂಮ್ ತುದಿಗೆ ತಿರುಗಿಸಿದಾಗ ಹಾಡು ಒಡೆದು ಬರುತ್ತಲ್ಲ, ಅಲ್ಲಿ ಆಂಪ್ಲಿಫೈಯರ್ ಕ್ಲಿಪ್ ಆಗ್ತಿರುತ್ತೆ. ಇಲ್ಲಿ ಅದನ್ನ ಸಿಡಿಗೇ ಮುದ್ರೆ ಒತ್ತಿ ಕಳಿಸಿದ್ದಾರೆ.

ಭಾವ ಹೇಳೋ ‘ರಾಕ್ ಅಂದ್ರೆ ಹಂಗೇ’ ಅನ್ನೋದು ಅರ್ಧ ಮಾತ್ರ ಸರಿ. ಗಿಟಾರಿನ ಡಿಸ್ಟಾರ್ಷನ್, ಅಂದ್ರೆ ಆ ಒರಟು ಸದ್ದು, ಬೇಕಂತಲೇ ಹಾಕೋದು, ಅದು ಗಿಟಾರಿಗಷ್ಟೇ. ಕ್ಲಿಪ್ಪಿಂಗ್ ಆದ್ರೆ ಹಾಡೋನ ದನಿ, ಬೇಸು, ಡ್ರಮ್ಮು ಎಲ್ಲಾ ಒಟ್ಟಿಗೆ ಒಡೆಯುತ್ತೆ.

ಯಾಕೆ ಹೀಗ್ಮಾಡಿದ್ರು ಅಂದ್ರೆ ಪೈಪೋಟಿ. ಒಂದೇ ಹಾಡನ್ನ ಒಂದು ಡಿಬಿ ಜಾಸ್ತಿ ಮಾಡಿ ಕೇಳಿಸಿ ನೋಡಿ, ‘ಇದೇ ಚೆನ್ನಾಗಿದೆ’ ಅಂತೀವಿ. ಜೋರಾಯ್ತು ಅಂತ ಹೊಳೆಯೋದೇ ಇಲ್ಲ. ಹಾಗಾಗಿ 90ರ ದಶಕದಲ್ಲಿ ಪಕ್ಕದವನ ಸಿಡಿಗಿಂತ ನಮ್ಮದು ಜೋರಾಗಿರಲಿ ಅಂತ ಎಲ್ಲರೂ ಓಡಿದ್ರು. ಲೌಡ್‌ನೆಸ್ ವಾರ್ ಅಂತಾರಲ್ಲ, ಅದೇ. ಮಾಸ್ಟರಿಂಗ್‌ನಲ್ಲಿ, ಅಂದ್ರೆ ಹಾಡು ಸಿಡಿಗೆ ಹೋಗೋ ಮುಂಚಿನ ಕೊನೇ ಹಂತದಲ್ಲಿ, ಸದ್ದು ಮಿತಿ ಮೀರದ ಹಾಗೆ ತಡೆಯೋ ಲಿಮಿಟರ್ ಇಟ್ಟು ಜೋರಾದ ಏಟುಗಳ ತಲೆ ಅದುಮೋದು, ಆಮೇಲೆ ಇಡೀ ಹಾಡನ್ನ ಮೇಲೆತ್ತೋದು. ಹೀಗೆ ಅದುಮೋದಕ್ಕೆ ಕಂಪ್ರೆಷನ್ ಅಂತಾರೆ.

ನನ್ನ ಹೊಟ್ಟೆಯುರಿ ಬೇರೆ. 1992ರಲ್ಲಿ ಬ್ಯಾಂಡ್ ಬಿಟ್ಟಿದ್ದ ಗಿಟಾರಿಸ್ಟ್ ಜಾನ್ ಫ್ರೂಷಿಯಾಂಟೆ 1998ರಲ್ಲಿ ವಾಪಸ್ ಬಂದು ನುಡಿಸಿದ ಆಲ್ಬಂ ಇದು. ಮನುಷ್ಯ ತುಂಬಾ ಕಮ್ಮಿ ನುಡಿಸ್ತಾನೆ, ಎರಡು ಸ್ವರದ ಮಧ್ಯೆ ಬಿಟ್ಟ ಜಾಗದಲ್ಲೇ ಅವನ ಕೈಚಳಕ ಇರೋದು. ಆ ಜಾಗಕ್ಕೇ ಮಣ್ಣು ತುಂಬಿದ್ದಾರೆ.

ಹಾಗಂತ ಭಾವನ ಕಿವಿ ಸುಳ್ಳಲ್ಲ. ಔಟರ್ ರಿಂಗ್ ರೋಡಲ್ಲಿ ಎಸಿ, ಹಾರ್ನು, ಪಕ್ಕದ ಟೆಂಪೋ ಎಲ್ಲಾ ಸೇರಿ ಹಾಡಿನ ಮೆಲುವಾದ ಭಾಗ ನುಂಗಿಬಿಡ್ತವೆ. ಈ ಸಿಡಿಯಲ್ಲಿ ಮೆಲುವಾದದ್ದು ಅಂತ ಉಳಿದಿರೋದೇ ಕಮ್ಮಿ, ಆದ್ದರಿಂದ ಗದ್ದಲದಲ್ಲೂ ಎಲ್ಲಾ ಕೇಳುತ್ತೆ. ನೀವು ಕೇಳಿದ್ದು ಬಸವನಗುಡಿಯ ರಾತ್ರೀಲಿ, ಹೆಡ್‌ಫೋನ್‌ನಲ್ಲಿ. ಹಲ್ಲು ಕಚ್ಚಿಕೊಂಡ ಹಾಗಿರೋ ಸದ್ದನ್ನ ಕಿವಿ ಎಷ್ಟೊತ್ತು ತಡಕೊಳ್ಳುತ್ತೆ?

ಪ್ರತಿಕ್ರಿಯೆ (ಮಲ್ಲೇಶ್ವರದಿಂದ):
ಸದ್ದು ಹಾಳಾಗಿ ಹೋಗಲಿ ಸರ್, ನಂಗೆ ಹಾಡುಗಳೇ ಒಪ್ಪಿಗೆಯಿಲ್ಲ. 1991ರ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’ನ ಆ ಫಂಕ್ ಕುಣಿತ ಎಲ್ಲಿ, ಈ ಅಳುಮುಂಜಿ ರಾಗ ಎಲ್ಲಿ?

ಉತ್ತರ:
ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ! ನಂಗೆ ಆ ಅಳುಮುಂಜಿ ರಾಗಗಳೇ ಇಷ್ಟ.

ಮತ್ತೆ ಪ್ರಶ್ನೆ (ಬಸವನಗುಡಿ):
ಸರ್, ಕಂಪ್ರೆಷನ್ ಅಂದ್ರೆ ಎಂಪಿ3 ಮಾಡೋದಲ್ವಾ? ಹಾಗಾದ್ರೆ ಸ್ಟ್ರೀಮಿಂಗ್‌ನಲ್ಲಿ ಹೈ ಕ್ವಾಲಿಟಿ ಹಾಕಿದ್ರೆ ಸರಿಹೋಗುತ್ತಾ?

ಉತ್ತರ:
ಹೆಸರು ಒಂದೇ, ಕೆಲಸ ಬೇರೆ. ಎಂಪಿ3ಯಲ್ಲಿ ಫೈಲಿನ ಗಾತ್ರ ಕುಗ್ಗುತ್ತೆ. ಮಾಸ್ಟರಿಂಗ್‌ನಲ್ಲಿ ಮೆಲು-ಜೋರಿನ ಅಂತರ ಕುಗ್ಗುತ್ತೆ. ಸ್ಪಾಟಿಫೈನಂಥ ಕಡೆ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಹಾಡು ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ಮಟ್ಟಕ್ಕೆ ತಂದು ಕೇಳಿಸ್ತಾರೆ. ಅಂದ್ರೆ ಜೋರಾಗಿ ಮಾಡಿ ಗೆದ್ದ ಲಾಭ ಅಲ್ಲಿ ಸೊನ್ನೆ. ಆದ್ರೆ ಕತ್ತರಿಸಿದ ತುದಿ ವಾಪಸ್ ಬರಲ್ಲ, ರುಬ್ಬಿದ ಚಟ್ನಿಯಿಂದ ಕಾಯಿ ತೆಗೆಯೋಕಾಗುತ್ತಾ? ಮತ್ತೆ ಮಾಸ್ಟರ್ ಮಾಡಿಸಿ ಅಂತ ಅಭಿಮಾನಿಗಳು ಸಹಿ ಸಂಗ್ರಹಾನೂ ಮಾಡಿದ್ರು.

ನಾನೂ ಸಾಚಾ ಅಲ್ಲ ಬಿಡಿ. ಒಮ್ಮೆ ಜನಪದ ಹಾಡಿನ ಮಾಸ್ಟರಿಂಗ್‌ಗೆ ಬಂದೋರು ‘ಸೌಂಡ್ ಸಾಲ್ತಿಲ್ಲ ಸರ್’ ಅಂತ ಎರಡು ಸಲ ವಾಪಸ್ ಕಳಿಸಿದ್ರು. ಮೂರನೇ ಸಲ ಸಿಟ್ಟಿಂದ ಲಿಮಿಟರ್ ಒತ್ತಿ ಕೊಟ್ಟೆ. ‘ಈಗ ನೋಡಿ ಬಂತು’ ಅಂದ್ರು. ಅದರಲ್ಲಿ ತಮಟೆ ಈಗ್ಲೂ ರಟ್ಟಿನ ಡಬ್ಬ ಬಡಿದಂಗೆ ಕೇಳುತ್ತೆ. ಎಲ್ಲಾದ್ರೂ ಆ ಹಾಡು ಬಂದ್ರೆ ನಾನು ಜಾಗ ಖಾಲಿ ಮಾಡ್ತೀನಿ.

ಒಂದು ಕೆಲಸ ಮಾಡಿ. ಮೇಲೆ ಮಲ್ಲೇಶ್ವರದವರು ಹೇಳಿದ 1991ರ ಆಲ್ಬಂನ ಹಳೇ ಸಿಡಿ ಸಿಕ್ಕರೆ ತನ್ನಿ. ಅದೇ ನಾಲ್ಕು ಜನ, ಅದೇ ಪ್ರೊಡ್ಯೂಸರ್ ರಿಕ್ ರೂಬಿನ್. ಎರಡನ್ನೂ ಮನೇಲಿ ಭಾವನಿಗೆ ಕೇಳಿಸಿ. ಒಂದೇ ಷರತ್ತು, ವಾಲ್ಯೂಮ್ ಸಮ ಇರಬೇಕು. ‘ಕ್ಯಾಲಿಫೋರ್ನಿಕೇಶನ್’ ಹಾಕಿದಾಗ ತಗ್ಗಿಸಲೇಬೇಕಾಗುತ್ತೆ.

ಬಸವನಗುಡಿಯಿಂದ, ಸೋಮವಾರ:
ಸರ್, ನಿನ್ನೆ ಮಾಡಿದ್ವಿ. ವಾಲ್ಯೂಮ್ ಅಕ್ಕನ ಕೈಗೆ ಕೊಟ್ವಿ, ಅವಳಿಗೆ ಎರಡೂ ಬೇಡದ್ದು, ಹಾಗಾಗಿ ಪಕ್ಷಪಾತ ಇಲ್ಲ. ಹಳೇದು ಹಾಕಿದಾಗ ಡ್ರಮ್ಮಿನ ಏಟಿಗೆ ಭಾವ ತೊಡೆ ಮೇಲೆ ತಾಳ ಹಾಕ್ತಿದ್ರು. ಹೊಸದು ಬಂದಾಗ ಕೈ ನಿಂತುಹೋಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾರಲ್ಲಿ ಮಾತ್ರ ಇದೇ ಚೆಂದ’ ಅಂದ್ರು.

ಉತ್ತರ:
ಕಾರಲ್ಲಿ ಹೌದು.