ನಿಂತುಹೋದ ಅಂಗವಿಕಲ ವೇತನ: ಅನರ್ಹರು ಯಾರು?

ಲೈನ್‌ಮನೆ: ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ನಮ್ಮ ಪಕ್ಕದ ಮನೆಯ ಹುಡುಗನಿಗೆ ಇಪ್ಪತ್ತೆರಡು ವರ್ಷ. ಹುಟ್ಟಿನಿಂದಲೇ ಮೆದುಳಿನ ಪಾರ್ಶ್ವವಾಯು, ನಡೆಯಲಾರ. ತಿಂಗಳಿಗೆ ಬರುತ್ತಿದ್ದ 1,400 ರೂಪಾಯಿ ಮೂರು ತಿಂಗಳಿಂದ ನಿಂತಿದೆ. ಆಧಾರ್‌ನಲ್ಲಿರುವ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಂತೆ. ಈಗ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ, ತೋಟದಲ್ಲಿ ಕೆಲಸವೂ ಇಲ್ಲ. ಅಂಗಡಿಯ ಸಾಲದ ಪುಸ್ತಕವೇ ಆ ಮನೆಯನ್ನು ನಡೆಸುತ್ತಿದೆ.

ಲೆಕ್ಕಾಚಾರಿ: ಬೇಸರದ ಸಂಗತಿ. ಆದರೂ ಅನರ್ಹರನ್ನು ತೆಗೆಯುವ ಪರಿಶೀಲನೆಯೇ ಬೇಡವೆನ್ನಲಾಗದು. ಸುಳ್ಳು ಪ್ರಮಾಣಪತ್ರ ತೋರಿಸಿ ಹಣ ಪಡೆಯುವವರನ್ನು ನಾನೇ ಕಂಡಿದ್ದೇನೆ.

ಹಳೇ ಕಾರ್ಯಕರ್ತೆ: ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತೆಯಾಗಿ ದುಡಿದವಳು ನಾನು. ಸುಳ್ಳು ಪ್ರಮಾಣಪತ್ರ ಮಾಡಿಸುವಷ್ಟು ಓಡಾಟ ಬಲ್ಲವನು ಹೆಸರಿನ ಅಕ್ಷರವನ್ನೂ ಒಂದೇ ದಿನದಲ್ಲಿ ಸರಿಪಡಿಸಿಕೊಳ್ಳುತ್ತಾನೆ. ಜರಡಿಯಿಂದ ಕೆಳಗೆ ಬೀಳುವವರು ಹಾಡಿಯವರು (ಬುಡಕಟ್ಟು ವಸತಿಗಳವರು), ಲೈನ್‌ಮನೆಯವರು. ನಷ್ಟ 1,400 ರೂಪಾಯಿಯಷ್ಟೇ ಎಂದುಕೊಳ್ಳಬೇಡಿ. ಕಾಫಿ ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ. ವರ್ಷದ ಗಳಿಕೆ ಆಗುವುದೇ ಆ ದಿನಗಳಲ್ಲಿ. ಆಗ ಮರುತಪಾಸಣೆಗೆಂದು ಮಡಿಕೇರಿಗೆ ಕರೆದರೆ ತಾಯಿಯ ಕೂಲಿ ಹೋಯಿತು. ಮಗನನ್ನು ಎತ್ತಿ ಬಸ್ ಹತ್ತಿಸಲು ಇನ್ನೊಬ್ಬರು ಬೇಕು, ಅವರ ಕೂಲಿಯೂ ಹೋಯಿತು. ವೈದ್ಯರು ರಜೆ ಎಂದರೆ ಮತ್ತೆ ಮುಂದಿನ ವಾರ.

ಕಾನೂನು ಓದುಗ: ಮೊತ್ತದ ಮಾತನ್ನು ಯಾರೂ ಎತ್ತಲಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಇತರರಿಗಿರುವ ಇಂಥದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚು ನೆರವು ಇವರಿಗೆ ಸಿಗಬೇಕು. 2021ರಲ್ಲಿ ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನದ ಮೊತ್ತವನ್ನು 1,200 ರೂಪಾಯಿಗೆ ಏರಿಸಿತು. ಅದಕ್ಕೆ ಕಾಲು ಭಾಗ ಸೇರಿಸಿದರೆ 1,500. ಆದರೆ ಶೇ 75ಕ್ಕಿಂತ ಕಡಿಮೆ ವೈಕಲ್ಯವಿದ್ದವರಿಗೆ ಅದೇ ವರ್ಷ ಏರಿದ್ದು 600ರಿಂದ 800ಕ್ಕೆ! ಇನ್ನು ಕೇಂದ್ರದ ಪಾಲು, ಶೇ 80 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ ಬಡವರಿಗೆ, 2012ರಿಂದಲೂ 300 ರೂಪಾಯಿ. ಬೆಲೆಗಳು ಏರುತ್ತಿರುವಾಗ ಮೊತ್ತವನ್ನು ಮುಟ್ಟದೇ ಇರುವುದೂ ಕಡಿತವೇ.

ಲೆಕ್ಕಾಚಾರಿ: ವೃದ್ಧಾಪ್ಯ ವೇತನವೂ ಇದೂ ‘ಇಂಥದೇ ಯೋಜನೆ’ ಹೌದೋ ಅಲ್ಲವೋ ಎಂಬುದು ವಾದದ ವಿಷಯ. ನಿಮ್ಮ ಲೆಕ್ಕವನ್ನು ನಾನು ಒಪ್ಪಲಾರೆ. ಆದರೆ ನೋಟಿಸ್ ಕೊಡದೆ ಹಣ ನಿಲ್ಲಿಸುವುದು ತಪ್ಪು, ಅದನ್ನು ಒಪ್ಪುತ್ತೇನೆ. ಮೊದಲು ಪರಿಶೀಲಿಸಲಿ, ಆಮೇಲೆ ನಿಲ್ಲಿಸಲಿ.

ಹಳೇ ಕಾರ್ಯಕರ್ತೆ: ಇಷ್ಟಾದರೂ ಒಪ್ಪಿದಿರಲ್ಲ! ಲೈನ್‌ಮನೆಯವರೇ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಪಾಸ್‌ಬುಕ್ ಮೂರರ ಪ್ರತಿಯನ್ನೂ ಕಚೇರಿಗೆ ಒಯ್ಯಿರಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ. ನಿಂತ ತಿಂಗಳುಗಳ ಬಾಕಿಯನ್ನೂ ಅದರಲ್ಲೇ ಬರೆದು ಕೇಳಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

ಲೈನ್‌ಮನೆ: ಶುಕ್ರವಾರ ಹೋಗುತ್ತೇವೆ. ತೋಟದ ಗೇಟಿನಿಂದ ಬಸ್ ನಿಲ್ದಾಣದವರೆಗೆ ಕೆಸರು, ಗಾಲಿಕುರ್ಚಿ ಉರುಳುವುದಿಲ್ಲ. ಆ ಕಡೆ ಜೀಪ್ ಇರುವವರು ಯಾರಾದರೂ ಇದ್ದೀರಾ?