ಸಂತೆಗೆ ಒಯ್ಯುವ ಕ್ರೋಶಾ ಚೀಲ: ಹೆಣೆದವರು ಸ್ವಲ್ಪ ಹೇಳಿ

ಕೇಳಿದ್ದು, ಸುರತ್ಕಲ್‌ನಿಂದ

ತರಕಾರಿಗೆ ಒಯ್ಯಲು ಒಂದು ಚೀಲ ಕ್ರೋಶಾದಲ್ಲಿ ಹೆಣೆಯಬೇಕು ಅಂತ ಉಂಟು. ಚೈನ್, ಸಿಂಗಲ್, ಡಬಲ್ ಇಷ್ಟು ಬರ್ತದೆ, ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದು. ಮನೆಯಲ್ಲಿ ಇರುವುದು ಅಮ್ಮನ ಸಪೂರ ಸ್ಟೀಲ್ ಕಡ್ಡಿ, ಮೇಜಿನ ಕವರಿಗೆ ತಂದಿದ್ದ ಬಿಳಿ ನೂಲು, ಮಗುವಿನ ಟೊಪ್ಪಿ ಹೆಣೆದು ಉಳಿದ ಉಲ್ಲನ್. ಇದರಲ್ಲೇ ಆಗ್ತದಾ? ಎರಡು ಕಿಲೋ ತರಕಾರಿ, ಮೇಲೊಂದು ತೆಂಗಿನಕಾಯಿ ಹಾಕಿದರೆ ಮೊಣಕಾಲಿಗೆ ಜೋತು ಬೀಳಬಾರದು. ಮಳೆಗಾಲಕ್ಕೂ ಆಗಬೇಕು.

ಕದ್ರಿಯಿಂದ

ಉಲ್ಲನ್ ಬೇಡ ಮಾರಾಯ್ರೆ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಿನದ್ದೂ ಅಕ್ರಿಲಿಕ್. ಭಾರ ಬಿದ್ದಲ್ಲಿ ಎಳೆದುಕೊಂಡು ಹೋಗ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಬಿಳಿ ನೂಲು ಗಟ್ಟಿಯೇ, ಆದರೆ ಅಮ್ಮನ ಕಡ್ಡಿಯಲ್ಲಿ ಚೀಲ ಮುಗಿಯುವಾಗ ಎರಡು ವರ್ಷಕ್ಕೊಮ್ಮೆ ಬರುವ ಉಡುಪಿಯ ಪರ್ಯಾಯ ಬಂದೀತು. 8 ಪ್ಲೈ ಕಾಟನ್ ನೂಲು, 4 ಮಿ.ಮೀ. ಕಡ್ಡಿ ತನ್ನಿ. 100 ಗ್ರಾಮಿನ ಎರಡು ಉಂಡೆ ಇದ್ದರೆ ಧಾರಾಳ.

ಬಣ್ಣ ಗಾಢವಾಗಿದ್ದರೆ ಒಂದು ತುಂಡು ನೂಲನ್ನು ನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಕೆಂಪು, ಕಪ್ಪು ನೂಲು ಬಿಡುವುದು ಜಾಸ್ತಿ. ಮಳೆಯಲ್ಲಿ ಚೀಲದ ಬಣ್ಣ ಸೀರೆಗೆ ಹತ್ತಿದರೆ ಆಮೇಲೆ ಯಾರನ್ನು ಬೈಯುವುದು?

ಬ್ರಹ್ಮಾವರದಿಂದ

ನಾನು ಹೆಣೆಯುವ ಲೆಕ್ಕ ಹೇಳ್ತೇನೆ. ಇದರಲ್ಲಿ ಡಬಲ್ ಅಂದರೆ ಕಡ್ಡಿಗೆ ಮೊದಲು ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಉದ್ದದ ಹೊಲಿಗೆ. ಸಿಂಗಲ್ ಅಂದರೆ ಹಾಗೆ ಸುತ್ತದೆ ಹಾಕುವ ಗಿಡ್ಡದ್ದು.

ನಾಲ್ಕು ಚೈನ್ ಹಾಕಿ ಕೂಡಿಸಿ ಉಂಗುರ ಮಾಡಿ. ಅದರೊಳಗೆ 12 ಡಬಲ್. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, 24 ಆಯಿತು. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, 36. ಹೀಗೆ ಸುತ್ತಿಗೆ 12ರಂತೆ ಏರಿಸಿಕೊಂಡು ಏಳನೇ ಸುತ್ತಿಗೆ 84 ಬರಬೇಕು. ತಳವನ್ನು ಆಗಾಗ ಮೇಜಿನ ಮೇಲೆ ಇಟ್ಟು ನೋಡಿ. ಅಂಚು ಮೇಲೆ ಎದ್ದರೆ ಹೊಲಿಗೆ ಕಡಿಮೆ ಬಿದ್ದಿದೆ ಅಥವಾ ಕೈ ಬಿಗಿಯಾಗಿದೆ. ನೆರಿಗೆ ಬಿದ್ದರೆ ಹೊಲಿಗೆ ಹೆಚ್ಚಾಗಿದೆ. ತಳವನ್ನೂ ಬಲೆಯಾಗಿ ಹೆಣೆಯುವವರಿದ್ದಾರೆ, ನೋಡಲು ಚಂದ, ಆದರೆ ಬೆಳ್ಳುಳ್ಳಿ ದಾರಿಯಲ್ಲೇ ಉಳಿಯುತ್ತದೆ.

ಅಲ್ಲಿಂದ ಮೇಲೆ ಐದು ಚೈನ್, ಎರಡು ಹೊಲಿಗೆ ಬಿಟ್ಟು ಮೂರನೆಯದಕ್ಕೆ ಒಂದು ಸಿಂಗಲ್. ಸುತ್ತಿಗೆ 28 ಕಣ್ಣು, ಅಂದರೆ ಬಲೆಯ ತೂತು. ಮುಂದಿನ ಸುತ್ತುಗಳಲ್ಲಿ ಐದು ಚೈನ್ ಹಾಕಿ ಕೆಳಗಿನ ಕಣ್ಣಿನ ನಡುವಿಗೆ ಸಿಂಗಲ್, ಅಷ್ಟೇ ಕೆಲಸ. 18–20 ಸುತ್ತಿಗೆ ನಿಲ್ಲಿಸಿ. ಖಾಲಿ ಇರುವಾಗ ಗಿಡ್ಡ ಅನ್ನಿಸ್ತದೆ, ಒಂದು ಮಂಗಳೂರು ಸೌತೆ ಹಾಕಿ ಎತ್ತಿದರೆ ಗೊತ್ತಾಗ್ತದೆ ಅದು ಎಷ್ಟು ಇಳಿಯುತ್ತದೆ ಅಂತ. ಬಾಯಿಗೆ ಪ್ರತಿ ಕಣ್ಣಿನಲ್ಲಿ ಮೂರು ಸಿಂಗಲ್, ತಿರುಗಿ 84. ಹಾಗೆ ಮೂರು ಸುತ್ತು.

ಹಸಿಮೆಣಸು, ನಿಂಬೆ ತರುವವರಾದರೆ ಕಣ್ಣು ಸಣ್ಣದು ಮಾಡಿ. ಮೂರು ಚೈನ್, ಒಂದು ಹೊಲಿಗೆ ಬಿಡುವುದು. 42 ಕಣ್ಣು ಬರ್ತದೆ, ಬಾಯಿಗೆ ಎರಡೆರಡು ಸಿಂಗಲ್ ಹಾಕಿದರೆ ಅದೇ 84.

ಕಾಪುವಿನಿಂದ

ಮೇಲಿನ ಅಕ್ಕ ಚೀಲ ಹೇಳಿದರು, ಅದರ ಕೈ, ಅಂದರೆ ಹಿಡಿಕೆ, ಹೇಳಲಿಲ್ಲ. ಚೀಲ ಕೆಡುವುದೇ ಕೈಯಲ್ಲಿ. ಉಳಿದದ್ದು ಯಾವ ಡಿಸೈನ್ ಆದರೂ ನಡೆಯುತ್ತದೆ.

ಬಾಯಿಯ 84ರಲ್ಲಿ 12 ಸಿಂಗಲ್ ಹಾಕಿ, 50 ಚೈನ್ ಹಾಕಿ, 30 ಹೊಲಿಗೆ ಬಿಟ್ಟು ಮತ್ತೆ 12 ಸಿಂಗಲ್, ಮತ್ತೆ 50 ಚೈನ್, 30 ಬಿಟ್ಟು ಕೂಡಿಸಿ. ಅದರ ಮೇಲೆ ಸುತ್ತಲೂ ನಾಲ್ಕು ಸುತ್ತು ಸಿಂಗಲ್. ಇಲ್ಲಿಗೆ ಕಡ್ಡಿ ಬದಲಿಸಿ 3.5 ಮಿ.ಮೀ. ತಗೊಳ್ಳಿ, ಹೆಣಿಗೆ ಬಿಗಿಯಾಗುತ್ತದೆ. ಹೀಗೆ ಉದ್ದುದ್ದಕ್ಕೆ ಹೆಣೆದ ಕೈ, ಬೇರೆಯೇ ಪಟ್ಟಿಯನ್ನು ಅಡ್ಡಡ್ಡ ಹೆಣೆದು ಹೊಲಿದ ಕೈಗಿಂತ ಕಡಿಮೆ ಎಳೆಯುತ್ತದೆ. ಕೊನೆಗೆ ಕೈಯ ಒಳ ಅಂಚಿಗೂ ಹೊರ ಅಂಚಿಗೂ ಸ್ಲಿಪ್ ಸ್ಟಿಚ್ ಓಡಿಸಿ, ಅಂದರೆ ಹೊಲಿಗೆಗೆ ಕಡ್ಡಿ ತೂರಿಸಿ ನೂಲನ್ನು ಎಳೆದು ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಟ್ಟಿಗೇ ಹೊರಗೆ ತೆಗೆಯುವುದು. ನೋಡಲು ಏನೂ ಅಲ್ಲ, ಆದರೆ ಭಾರ ತಡೆಯುವುದು ಅದೇ.

ಹೆಗಲಿಗೆ ಬೇಕಾದರೆ 50ರ ಬದಲು 85–90 ಚೈನ್. ಆಗ ಕೈಯ ಹಿಂಬದಿಗೆ ಹಳೆ ಕಾಟನ್ ಸೀರೆಯ ಅಂಚನ್ನು ಕತ್ತರಿಸಿ ಹೊಲಿದುಬಿಡಿ. ಹೆಣಿಗೆ ಎಷ್ಟೇ ಎಳೆದರೂ ಸೀರೆ ಅಂಚು ಬಿಡುವುದಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲುವವರಿಗೆ ಹೆಗಲಿನ ಚೀಲವೇ ಸರಿ.

ಮತ್ತೆ ನೂಲು ಮುಗಿದಲ್ಲಿ ಗಂಟು ಹಾಕಿ ಕತ್ತರಿಸಬೇಡಿ. ನಾಲ್ಕು ಬೆರಳಷ್ಟು ಬಾಲ ಬಿಟ್ಟು, ದಪ್ಪ ಸೂಜಿಯಲ್ಲಿ ಒಂದು ಬದಿಗೆ ತೂರಿಸಿ, ತಿರುಗಿಸಿ ಇನ್ನೊಂದು ಬದಿಗೂ ತೂರಿಸಿ. ಹೊಸ ಉಂಡೆಯನ್ನು ತಳದಲ್ಲೋ ಬಾಯಿಯಲ್ಲೋ ಸೇರಿಸಿ. ಬಲೆಯ ನಡುವೆ ಬಾಲ ಮುಚ್ಚಲು ಜಾಗವೇ ಇಲ್ಲ.

ಕಟಪಾಡಿಯಿಂದ

ಮಟ್ಟುಗುಳ್ಳ, ಅಂದರೆ ಮಟ್ಟುವಿನ ಬದನೆ, ತರುವವರಿಗೆ ಒಂದು ಮಾತು. ಅದರ ತೊಟ್ಟಿನ ಮುಳ್ಳು ನೂಲಿಗೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಕಣ್ಣು ದೊಡ್ಡದಾಗಿ ಪಕ್ಕದ ಕಣ್ಣು ಮುಚ್ಚಿಹೋಗುತ್ತದೆ. ಗುಳ್ಳವನ್ನು ಪೇಪರಿನಲ್ಲಿ ಸುತ್ತಿ ಹಾಕಿ. ಸಿಕ್ಕಿದರೆ ಎಳೆಯದೆ ಹಣ್ಣನ್ನೇ ತಿರುಗಿಸಿ ಬಿಡಿಸಿ.

ಮಲ್ಪೆಯಿಂದ

ಮಳೆಗಾಲದ ವಿಷಯ ಯಾರೂ ಹೇಳಲಿಲ್ಲವಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಕಾಟನ್ ಚೀಲ ಒಣಗುವುದಾ? ಒದ್ದೆ ಹಾಗೇ ಮಡಚಿ ಇಟ್ಟರೆ ಬೂಸ್ಟು, ಮೇಲೆ ಕಮಟು ವಾಸನೆ. ಜೂನ್‌ನಿಂದ ಸಪ್ಟೆಂಬರ್‌ಗೆ ನೈಲಾನ್ ದಾರದ್ದು ಒಂದು ಬೇರೆ ಹೆಣೆದುಕೊಳ್ಳಿ. ಕೊಡವಿದರೆ ನೀರು ಹೋಯಿತು. ಬೆರಳು ನೋಯುತ್ತದೆ, ದಾರ ಕಡ್ಡಿಯಿಂದ ಜಾರುತ್ತದೆ, ಅದು ನಿಜ. 5 ಮಿ.ಮೀ. ಕಡ್ಡಿಯಲ್ಲಿ ಸಡಿಲವಾಗಿ ಹೆಣೆಯಿರಿ.

ಮೀನಿಗೆ ಮಾತ್ರ ಯಾವ ಕ್ರೋಶಾ ಚೀಲವೂ ಬೇಡ. ಬೂತಾಯಿ ನೀರು ಒಮ್ಮೆ ಹೆಣಿಗೆಗೆ ಇಳಿದರೆ ಬೆಕ್ಕು ಚೀಲವನ್ನು ಬಿಡುವುದಿಲ್ಲ. ಮುಚ್ಚಳ ಇರುವ ಡಬ್ಬ ಒಯ್ಯಿರಿ.

ಕದ್ರಿಯಿಂದ, ಮತ್ತೆ

ನೈಲಾನ್ ನನಗೆ ಒಪ್ಪಿಗೆ ಇಲ್ಲ. ಪ್ಲಾಸ್ಟಿಕ್ ತೊಟ್ಟೆ ಬೇಡ ಅಂತಲೇ ಅಲ್ವಾ ಹೆಣೆಯಲು ಕೂತದ್ದು? 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ್ದಾರೆ; ಈಗ ಪ್ಲಾಸ್ಟಿಕ್ ದಾರದಲ್ಲಿ ನಾವೇ ಹೆಣೆಯುವುದಾ? ಕಾಟನ್ನೇ ಎರಡು ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು. ಒದ್ದೆ ಚೀಲವನ್ನು ಕೈಯಲ್ಲಿ ನೇತು ಹಾಕಬೇಡಿ, ನೀರಿನ ಭಾರಕ್ಕೇ ಉದ್ದ ಆಗ್ತದೆ. ಟವೆಲಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಅಡಿಯಲ್ಲಿ ಹರಡಿ. ಮೆಷಿನ್ನಿಗೆ ಹಾಕುವುದಾದರೆ ದಿಂಬಿನ ಕವರಿನೊಳಗೆ ಹಾಕಿ, ಬಾಯಿ ಕಟ್ಟಿ.

ಮಲ್ಪೆಯಿಂದ, ಮತ್ತೆ

ಹತ್ತು ವರ್ಷ ಬರುವ ಚೀಲಕ್ಕೂ ಒಂದೇ ದಿನದ ತೊಟ್ಟೆಗೂ ವ್ಯತ್ಯಾಸ ಉಂಟಲ್ಲ ಅಕ್ಕ. ಇರಲಿ, ನಿಮ್ಮ ಎರಡು ಚೀಲದ ಉಪಾಯವೂ ಒಳ್ಳೆಯದೇ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಕಾಟನ್‌ದೇ ಹೆಣೀತೇನೆ, ಸಣ್ಣ ಕಣ್ಣಿನದ್ದು. ಒಂದೇ ಸಂಶಯ: ನೈಲಾನ್ ದಾರದ ಬಾಲ ಸೂಜಿಯಲ್ಲಿ ತೂರಿಸಿದರೂ ಜಾರಿ ಹೊರಗೆ ಬರುವುದಿಲ್ಲವಾ?

ಮಲ್ಪೆಯಿಂದ

ಬರ್ತದೆ. ತೂರಿಸಿ ಆದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಲೈಟರ್ ಹತ್ತಿರ ಹಿಡಿದರೆ ತುದಿ ಕರಗಿ ಗುಂಡಾಗಿ ನಿಲ್ಲುತ್ತದೆ. ಬಿಸಿ ಇರುವಾಗ ಬೆರಳಲ್ಲಿ ಒತ್ತಬೇಡಿ, ಚಮಚದ ಹಿಂಬದಿಯಲ್ಲಿ ಒತ್ತಿ. ಕಾಟನ್‌ಗೆ ಮಾತ್ರ ಇದನ್ನು ಮಾಡಲು ಹೋಗಬೇಡಿ, ಅದು ಕರಗುವುದಿಲ್ಲ, ಹೊತ್ತಿಕೊಳ್ಳುತ್ತದೆ.