ಚಿಕ್ಕಮಗಳೂರಲ್ಲಿ ನಾಟಕ, ಚಿತ್ರ, ಕುಣಿತ ಎಲ್ಲಿ ನೋಡೋಕೆ ಸಿಗುತ್ತೆ?

ಬಿಳಿಹಾಳೆ:
ಎಲ್ರಿಗೂ ನಮಸ್ಕಾರ. ದಾವಣಗೆರೆ ಕಡೆಯವಳು, ಇಂಜಿನಿಯರಿಂಗ್ ಓದೋಕೆ ಇಲ್ಲಿಗೆ ಬಂದಿದೀನಿ. ಚಿತ್ರ ಬಿಡಿಸೋದಂದ್ರೆ ಚಿಕ್ಕಂದಿನಿಂದ ಹುಚ್ಚು. ಇಲ್ಲಿ ಯಾರನ್ನ ಕೇಳಿದ್ರೂ ಮುಳ್ಳಯ್ಯನಗಿರಿ, ಫಾಲ್ಸು, ಹೋಂಸ್ಟೇ ಅಂತಾರೆ, ಕಲೆ ಗಿಲೆ ಎಲ್ಲಿ ಸಿಗುತ್ತೆ ಅಂದ್ರೆ ಸುಮ್ನಾಗ್ತಾರೆ. ಭಾನುವಾರ ಮಾತ್ರ ಬಿಡುವು, ಗಾಡಿ ಇಲ್ಲ, ಸಂಜೆ ಹಾಸ್ಟೆಲ್ ಗೇಟ್ ಬೇಗ ಹಾಕ್ತಾರೆ. ಎಲ್ಲಿಂದ ಶುರು ಮಾಡ್ಲಿ?

ಬೇಲೂರು ಹುಡುಗ:
ಸ್ಕೆಚ್ ಬುಕ್ ತಗೊಂಡು ಬೇಲೂರು ಬಸ್ ಹತ್ತಿ, ಸುಮಾರು 25 ಕಿಲೋಮೀಟರ್. ಸ್ಕೂಲ್ ಟ್ರಿಪ್ಪಲ್ಲಿ ನೋಡಿದೀನಿ ಅನ್ಬೇಡಿ, ಆಗ ಎಲ್ರೂ ಗೈಡ್ ಹಿಂದೆ ಓಡಿರ್ತೀವಿ ಅಷ್ಟೆ. ಬೆಳಿಗ್ಗೆ ಬೇಗ ಹೋಗಿ, ಚೆನ್ನಕೇಶವ ಗುಡೀಲಿ ಒಂದೇ ಒಂದು ಮದನಿಕೆ, ಅಂದ್ರೆ ಕುಣಿಯೋ ಸಿಂಗರಿಸ್ಕೊಳ್ಳೋ ಹೆಣ್ಣಿನ ಶಿಲ್ಪ, ಆರಿಸ್ಕೊಂಡು ಅದ್ರ ಮುಂದೆ ಕೂತು ಬಿಡಿಸಿ. ಬಳಪದ ಕಲ್ಲು ಅದು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ಮೇಲೆ ಗಟ್ಟಿಯಾಗುತ್ತೆ, ಅದಕ್ಕೇ ಬಳೆ ಸರ ಎಲ್ಲ ಅಷ್ಟು ನಾಜೂಕಾಗಿ ಬಂದಿರೋದು. ಕೆಲವು ವಿಗ್ರಹಗಳ ಪೀಠದಲ್ಲಿ ಕೆತ್ತಿದವ್ರ ಹೆಸರು, ಬಿರುದು ಹಳಗನ್ನಡ ಅಕ್ಷರದಲ್ಲಿ ಇದೆ. ಬಳ್ಳಿಗಾವೆಯ ದಾಸೋಜ, ಅವ್ನ ಮಗ ಚಾವಣ. 1117ರಲ್ಲಿ ಪ್ರತಿಷ್ಠೆ ಆದ ಗುಡಿಲಿ ಕೆಲಸಗಾರರ ಸಹಿ ಇವತ್ತಿಗೂ ಉಳಿದಿದೆ ಅಂದ್ರೆ ನನಗಂತೂ ರೋಮಾಂಚನ ಆಗುತ್ತೆ. ಜನ ಜಾಸ್ತಿ ಅನ್ಸಿದ್ರೆ ಬೆಳವಾಡಿ ವೀರನಾರಾಯಣ ದೇವಸ್ಥಾನಕ್ಕೆ ಹೋಗಿ, ಕಂಬಗಳು ಕನ್ನಡಿ ತರ ಹೊಳೀತವೆ.

ರಂಗದ ಹುಚ್ಚ:
ಬೇಲೂರು ಸರಿ, ಆದ್ರೆ ಈಗ ಬದುಕಿರೋ ಕಲಾವಿದ್ರನ್ನೂ ನೋಡ್ಬೇಕಲ್ವಾ ಗುರು. ಕುವೆಂಪು ಕಲಾಮಂದಿರದ ಕಡೆ ಹೋದಾಗೆಲ್ಲ ಬ್ಯಾನರ್ ನೋಡ್ತಿರಿ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಅಂತ ನಾಟಕ ತಂಡಗಳು ಊರೂರು ಸುತ್ತುತ್ತವೆ, ಹತ್ತಿರ ಬಂದಾಗ ಬಿಡ್ಬೇಡಿ. ಸಾಣೇಹಳ್ಳಿಯಲ್ಲೇ ನವೆಂಬರ್‌ನಲ್ಲಿ ನಾಟಕೋತ್ಸವ ಇರುತ್ತೆ. ಇನ್ನೊಂದು ಮಾತು, ಬರೀ ನೋಡೋಕೆ ಹೋಗ್ಬೇಡಿ. ನಾಟಕ ಆದ್ಮೇಲೆ ಸ್ಟೇಜ್ ಹಿಂದೆ ಹೋಗಿ ಸೆಟ್ಟಿಗೆ ಬಣ್ಣ ಹೊಡೆಯೋಕೆ ಜನ ಬೇಕಾ ಅಂತ ಕೇಳಿ, ಚಿತ್ರ ಬರೋರಿಗೆ ರಂಗತಂಡದಲ್ಲಿ ಯಾವತ್ತೂ ಕೆಲಸ ಇದೆ, ಹಾಗೆ ಹೋದ್ರೇನೇ ಊರಿನ ಕಲಾವಿದ್ರ ಪರಿಚಯ ಆಗೋದು.

ಕೊಪ್ಪದ ಅಕ್ಕ:
ಮಾರಾಯ್ತಿ, ಯಕ್ಷಗಾನ ಯಾರೂ ಹೇಳ್ಲೇ ಇಲ್ವಲ್ಲ! ಮಳೆಗಾಲ ಕಳೆದ್ಮೇಲೆ ಮೇಳಗಳು ನಮ್ಮ ಕಡೆಗೂ ಬರ್ತವೆ, ಈಗ ಕಾಲಮಿತಿ ಆಟಾನೂ ಇರುತ್ತೆ, ರಾತ್ರಿಯಿಡೀ ಕೂರ್ಬೇಕಂತಿಲ್ಲ. ನೀನು ಚಿತ್ರ ಬಿಡಿಸೋಳಾದ್ರೆ ಆಟಕ್ಕಿಂತ ಮೊದ್ಲು ಚೌಕಿಗೆ, ಅಂದ್ರೆ ವೇಷ ಕಟ್ಟೋ ಜಾಗಕ್ಕೆ, ಹೋಗಿ ಕೇಳ್ಕೊಂಡು ಒಂದು ಮೂಲೇಲಿ ಕೂರು. ರಾಕ್ಷಸ ಪಾತ್ರ ಮಾಡೋ ಬಣ್ಣದ ವೇಷದವ್ರು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡೀಲಿ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದ್ರೆ ಉಬ್ಬು ಚುಕ್ಕಿ, ಇಡ್ತಾರೆ, ಒಂದು ಸಾಲು ಒಣಗಿದ್ಮೇಲೆ ಅದ್ರ ಮೇಲೆ ಇನ್ನೊಂದು, ಹಾಗೇ ಗಂಟೆಗಟ್ಟಲೆ, ಕಣ್ಣೆದುರೇ ಮನುಷ್ಯ ಹೋಗಿ ರಾಕ್ಷಸ ಬಂದಿರ್ತಾನೆ. ಇನ್ನು ದೀಪಾವಳೀಲಿ ಅಂಟಿಗೆ ಪಂಟಿಗೆಯವ್ರು ದೀಪ ಆರದ ಹಾಗೆ ಹಿಡ್ಕೊಂಡು ರಾತ್ರಿ ಮನೆಮನೆಗೆ ಪದ ಹಾಡ್ಕೊಂಡು ಬರ್ತಾರೆ, ಅದಕ್ಕೆ ಟಿಕೆಟ್ಟೂ ಇಲ್ಲ ಸ್ಟೇಜೂ ಇಲ್ಲ. ಕೊಪ್ಪ, ಶೃಂಗೇರಿ ಕಡೆ ಯಾರಾದ್ರೂ ಕ್ಲಾಸ್‌ಮೇಟ್ ಇದ್ರೆ ಹಬ್ಬಕ್ಕೆ ಅವ್ರ ಮನೆಗೆ ಹೋಗು.

ಬಿಳಿಹಾಳೆ:
ಅಕ್ಕ, ನನ್ನ ರೂಮ್‌ಮೇಟೇ ಶೃಂಗೇರಿಯವಳು! ಇವತ್ತೇ ಕೇಳ್ತೀನಿ. ಈ ಭಾನುವಾರ ಬೆಳವಾಡಿಗೆ ಹೋಗೋಣ ಅಂತಿದೀನಿ, ಬಸ್ ಯಾವುದು?

ಬೇಲೂರು ಹುಡುಗ:
ಚಿಕ್ಕಮಗಳೂರಿಂದ ಜಾವಗಲ್ ಕಡೆ ಹೋಗೋ ಬಸ್ ಹತ್ತಿ, ದಾರೀಲೇ ಸಿಗುತ್ತೆ. ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಇಳಿಯುವಾಗ್ಲೇ ಕಂಡಕ್ಟರ್‌ನ ಕೇಳ್ಕೊಳ್ಳಿ.